ಸಹಾಯ ಬೇಕು: ಲಾ-ಮುಲಾನಾದಲ್ಲಿ ದೈತ್ಯರ ಸಮಾಧಿ ದಾಟಲು ಆಗುತ್ತಿಲ್ಲ

ಗೆಳೆಯರೇ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಹಳೆಯ ಅವಶೇಷಗಳಲ್ಲಿ ಒಗಟು ಬಿಡಿಸುತ್ತಾ ಹೋಗುವ ವಿಡಿಯೋ ಗೇಮ್ ಲಾ-ಮುಲಾನಾ ಆಡಿದವರು ಯಾರಾದರೂ ಇದ್ದೀರಾ? ನನ್ನದು 2012ರ ರೀಮೇಕ್ (ಹೊಸದಾಗಿ ಮಾಡಿದ ಆವೃತ್ತಿ), ಪಿಸಿಯಲ್ಲಿ.

ಮೊದಲ ಗಾರ್ಡಿಯನ್ (ಒಂದೊಂದು ಜಾಗವನ್ನು ಕಾಯುವ ದೊಡ್ಡ ಶತ್ರು) ಆಂಫಿಸ್ಬೀನಾವನ್ನು ಸೋಲಿಸಿದೆ. ಒಂದು ಜಾಗದಿಂದ ಇನ್ನೊಂದಕ್ಕೆ ನೇರ ಹಾರಲು ಬಿಡುವ ಹೋಲಿ ಗ್ರೇಲ್ ಕೈಯಲ್ಲಿದೆ, ಓಡಾಟಕ್ಕೆ ತೊಂದರೆಯಿಲ್ಲ. ಆದರೆ ದೈತ್ಯರ ಸಮಾಧಿ ಎಂಬ ಜಾಗದಲ್ಲಿ ಒಂದು ವಾರದಿಂದ ನಿಂತುಬಿಟ್ಟಿದ್ದೇನೆ. ಅಲ್ಲಿನ ಗಾರ್ಡಿಯನ್ ಸಕಿತ್‌ನನ್ನು ಎಬ್ಬಿಸಲು ಆಂಖ್ ಜ್ಯುವೆಲ್ ಬೇಕಲ್ವಾ? ಅದೇ ಸಿಗುತ್ತಿಲ್ಲ.

ಸುಮ್ನೆ ಕೇಳುತ್ತಿಲ್ಲ. ಸಿಕ್ಕ ಶಾಸನಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿನ ಒಬ್ಬೊಬ್ಬ ದೈತ್ಯನ ಪ್ರತಿಮೆಗೆ ಒಂದೊಂದು ಪುಟ. ಯಾರ ಕೈ ಎತ್ತ, ಕಾಲು ಎತ್ತ ಅಂತ ಪೆನ್ಸಿಲಿನಲ್ಲಿ ಚಿತ್ರವನ್ನೂ ಬಿಡಿಸಿದ್ದೇನೆ. ಕಂಡ ಪೀಠಗಳ ಮೇಲೆಲ್ಲ ತೂಕದ ಕಲ್ಲು ಇಟ್ಟು ನೋಡಿದೆ. ಚಾಟಿಯಿಂದ ಗೋಡೆಗಳಿಗೂ ಹೊಡೆದು ನೋಡಿದೆ.

ದಯವಿಟ್ಟು ಪೂರ್ತಿ ಉತ್ತರ ಹೇಳಬೇಡಿ. ವಿಡಿಯೋ ಲಿಂಕ್ ಕೂಡ ಬೇಡ. ಬೇಕಲ ಕೋಟೆಯಲ್ಲಿ ಮೂಲೆಮೂಲೆ ಹುಡುಕುತ್ತಾ ಬೆಳೆದವನು ನಾನು, ಕಂಡುಹಿಡಿಯುವ ಖುಷಿ ನನಗೇ ಇರಲಿ. ಯಾವ ಶಾಸನವನ್ನು ಮತ್ತೆ ಗಮನವಿಟ್ಟು ಓದಬೇಕು, ಅಷ್ಟು ಹೇಳಿದರೆ ಸಾಕು. ಎರಡನೇ ಸಲ ಓದಿದರೆ ಹಾರ್ಡ್ ಮೋಡ್ ಆಗುವ (ಆಟ ಇನ್ನೂ ಕಷ್ಟವಾಗುವ) ಶಾಸನ ಗೊತ್ತು, ಅದರ ಹತ್ತಿರ ಹೋಗುವುದಿಲ್ಲ.

ಇಲ್ಲಿ ಮಳೆ ಜಾಸ್ತಿ, ಕರೆಂಟು ಹೋಗಿ ಬರುತ್ತಿದೆ. ಉತ್ತರಿಸುವುದು ತಡವಾದರೂ ಎಲ್ಲರ ಮಾತನ್ನೂ ಓದುತ್ತೇನೆ.