‘ಸ್ಟಿಲ್ ಲೈಫ್’ಗೆ ಕನ್ನಡದಲ್ಲಿ ಏನೆನ್ನೋಣ? ಅದೂ ನಡುವೆ ಕನ್ನಡಿ ಇದ್ದಾಗ

ಪದಪ್ರಿಯರೇ,

ಫ್ಲೊರೆನ್ಸ್ ಆನ್ರಿ ಎಂಬ ಛಾಯಾಗ್ರಾಹಕಿಯ ಬಗ್ಗೆ ಒಂದು ಲೇಖನ ಬರೆಯಲು ಕುಳಿತಿದ್ದೇನೆ. ಎರಡನೆಯ ಸಾಲಿಗೇ ಗಾಡಿ ನಿಂತಿದೆ. ‘ಸ್ಟಿಲ್ ಲೈಫ್’, ಅಂದರೆ ಹಣ್ಣು, ಪಾತ್ರೆಯಂಥ ಅಲುಗದ ವಸ್ತುಗಳನ್ನು ಜೋಡಿಸಿಟ್ಟು ಚಿತ್ರಿಸುವ ಪ್ರಕಾರಕ್ಕೆ ನಮ್ಮಲ್ಲಿ ನಾಲ್ಕಾರು ಪದಗಳು ಓಡಾಡುತ್ತಿವೆ. ಒಂದೂ ಇವರ ಚಿತ್ರಗಳ ಮೇಲೆ ಕೂರುತ್ತಿಲ್ಲ.

ಚಿತ್ರಗಳು ಹೇಗಿವೆ ಎಂದು ಹೇಳಿದರೆ ತೊಡಕು ಅರ್ಥವಾದೀತು. ಆನ್ರಿ 1893ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಮೊದಲು ಪಿಯಾನೊ, ಆಮೇಲೆ ಚಿತ್ರಕಲೆ. ಪ್ಯಾರಿಸಿನಲ್ಲಿ ಚಿತ್ರಕಾರರಾದ ಲೆಜೆ ಮತ್ತು ಓಜಾಂಫಾ ಅವರ ಬಳಿ ಕಲಿತರು. 1927ರಲ್ಲಿ ಜರ್ಮನಿಯ ಡೆಸೌ ಊರಿನ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆಗೆ ಹೋಗಿಬಂದ ಮೇಲೆ ಕ್ಯಾಮೆರಾ ಹಿಡಿದರು. ಮೇಜಿನ ಮೇಲೆ ಸೇಬು, ಪೇರ್ ಹಣ್ಣು (ಉತ್ತರ ಕರ್ನಾಟಕದವರು ಪೇರಲ ಎಂದುಕೊಳ್ಳಬೇಡಿ), ತಟ್ಟೆ, ಲೋಹದ ಗುಂಡು, ದಾರದ ರೀಲು. ನಡುವೆ ಒಂದೆರಡು ಕನ್ನಡಿ. ಯಾವ ಹಣ್ಣು ಮೇಜಿನ ಮೇಲಿದೆ, ಯಾವುದು ಕನ್ನಡಿಯೊಳಗಿದೆ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. ಕನ್ನಡಿಯ ಅಂಚು ಚಿತ್ರವನ್ನು ಕತ್ತರಿಸಿದಂತೆ ಕಾಣುತ್ತದೆ, ಆದರೆ ಅಲ್ಲಿ ಕತ್ತರಿಯೇ ಆಡಿಲ್ಲ. 1928ರ ಅವರ ಪ್ರಸಿದ್ಧ ಸ್ವಚಿತ್ರದಲ್ಲೂ ಹೀಗೆಯೇ: ಉದ್ದನೆಯ ಕನ್ನಡಿ, ಅದರ ಬುಡದಲ್ಲಿ ಎರಡು ಗುಂಡು, ಒಳಗೆ ಕೈಕಟ್ಟಿ ಕುಳಿತ ಆನ್ರಿ. ಅದೇ ವರ್ಷ ಬೌಹೌಸ್‌ನಲ್ಲಿ ಕಲಿಸಿದ್ದ ಕಲಾವಿದ ಮೊಹೊಲಿ-ನಾಜ್ ಆನ್ರಿಯವರ ಫೋಟೊಗಳ ಕುರಿತು ಡಚ್ ಪತ್ರಿಕೆಯೊಂದರಲ್ಲಿ ಬರೆದರು. ಮರುವರ್ಷ ಸ್ಟುಟ್‌ಗಾರ್ಟಿನ ‘ಫಿಲ್ಮ್ ಉಂಡ್ ಫೋಟೊ’ ಪ್ರದರ್ಶನದಲ್ಲಿ ಇವರ ಕೃತಿಗಳಿದ್ದವು.

ಈಗ ಪದಗಳಿಗೆ ಬರುತ್ತೇನೆ. ‘ಸ್ತಬ್ಧಚಿತ್ರ’ ಎಂದು ಬರೆದರೆ ಓದುಗನ ಕಣ್ಣ ಮುಂದೆ ದಸರಾ ಮೆರವಣಿಗೆ ಸಾಗುತ್ತದೆ. ‘ಸ್ಥಿರಚಿತ್ರ’ವನ್ನು ಸಿನಿಮಾದವರು ಕಿತ್ತುಕೊಂಡು ಬಹಳ ಕಾಲವಾಯಿತು, ಚಲಿಸದ ಫೋಟೊ ಎಲ್ಲವೂ ಸ್ಥಿರಚಿತ್ರವೇ ಆದ್ದರಿಂದ ‘ಆನ್ರಿಯವರ ಸ್ಥಿರಚಿತ್ರಗಳು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಫ್ರೆಂಚರು ‘ನಾತ್ಯೂರ್ ಮೋರ್ತ್’, ಅಂದರೆ ಸತ್ತ ನಿಸರ್ಗ ಎನ್ನುತ್ತಾರೆ. ಅದನ್ನು ಹಾಗೆಯೇ ಕನ್ನಡಿಸಿದರೆ ಸೇಬಿಗೂ ಸೂತಕ ಹಿಡಿಸಿದಂತಾದೀತು. ನಮ್ಮ ಡ್ರಾಯಿಂಗ್ ಮೇಷ್ಟ್ರು ಹೂಜಿ, ಬದನೆಕಾಯಿ ಇಟ್ಟು ಬರೆಸುತ್ತಿದ್ದುದನ್ನು ‘ವಸ್ತುಚಿತ್ರ’ ಎನ್ನುತ್ತಿದ್ದರು. ಇರುವುದರಲ್ಲಿ ಅದೇ ವಾಸಿ ಎಂದು ನನಗನ್ನಿಸುತ್ತದೆ. ಆದರೆ ಆನ್ರಿಯವರ ಚಿತ್ರದಲ್ಲಿ ವಸ್ತುವಿಗಿಂತ ಅದರ ಪ್ರತಿಬಿಂಬವೇ ಹೆಚ್ಚು ಜಾಗ ಹಿಡಿದಿರುತ್ತದಲ್ಲ?

ಅವರೇ ಇಂಥ ಅನೇಕ ಚಿತ್ರಗಳಿಗೆ ‘ಕಾಂಪೊಸಿಷನ್’ ಎಂದಷ್ಟೇ ಹೆಸರಿಟ್ಟರು. ಸಂಗೀತ ಕಲಿತವರಲ್ಲವೇ, ಆ ಪದದ ಎರಡೂ ರುಚಿ, ಸಂಗೀತದ್ದೂ ಚಿತ್ರದ್ದೂ, ಗೊತ್ತಿರಬೇಕು. ಕನ್ನಡದ ‘ಸಂಯೋಜನೆ’ಯೂ ಎರಡೂ ಕಡೆ ಸಲ್ಲುತ್ತದೆ, ಆದರೆ ಸಭೆಯ ಆಹ್ವಾನಪತ್ರಿಕೆಯ ವಾಸನೆ ಹೊಡೆಯುತ್ತದೆ. ನನಗೆ ಹೊಳೆದ ಕ್ರಿಯಾಪದ ‘ಕೂರಿಸು’. ನವರಾತ್ರಿಯಲ್ಲಿ ಗೊಂಬೆ ಇಡುವುದಿಲ್ಲ, ಕೂರಿಸುತ್ತೇವೆ. ಯಾವುದರ ಪಕ್ಕ ಯಾವುದು ಎಂಬ ಲೆಕ್ಕಾಚಾರವೆಲ್ಲ ಆ ಪದದಲ್ಲಿದೆ. ಅದರಿಂದ ‘ಕೂರಿಕೆ’ ಎಂದು ಹೊಸೆದು ನೋಡಿದೆ. ಮನೆಯಲ್ಲಿ ಓದಿ ಹೇಳಿದರೆ, “ಕೂರಿಗೆಯಾ? ಬಿತ್ತನೆ ಯಾವಾಗ?” ಎಂದರು. ಅಲ್ಲಿಗೆ ಅದನ್ನು ಕೈಬಿಟ್ಟೆ.

ಸದ್ಯಕ್ಕೆ ಪ್ರಕಾರಕ್ಕೆ ‘ವಸ್ತುಚಿತ್ರ’, ಇವರವಕ್ಕೆ ಮಾತ್ರ ‘ಕನ್ನಡಿಜೋಡಣೆ’ ಎಂದು ಬರೆದಿಟ್ಟಿದ್ದೇನೆ. ಇದು ಸಲ್ಲುತ್ತದೆಯೇ, ಅಥವಾ ಕನ್ನಡಿ ಅಂಗಡಿಯ ಫಲಕದಂತಿದೆಯೇ?

ಜೊತೆಗೆ ಇನ್ನೆರಡು. ‘ಪ್ರಾಯೋಗಿಕ ಛಾಯಾಗ್ರಹಣ’ ಎಂದರೆ ಪಿಯುಸಿ ಪ್ರಯೋಗಾಲಯದ ಪರೀಕ್ಷೆ ನೆನಪಾಗುವುದರಿಂದ ‘ಪ್ರಯೋಗಶೀಲ’ ಎಂದು ತಿದ್ದಿದ್ದೇನೆ. ಕಲೆಯಲ್ಲಿ ಕಾಲಕ್ಕಿಂತ ಮುಂದೆ ಹೋಗಿ ಹೊಸದನ್ನು ಮಾಡುವವರನ್ನು ಕರೆಯುವ ‘ಅವಾಂಗಾರ್ಡ್’ ಮೂಲದಲ್ಲಿ ದಂಡಿನ ಮುಂದೆ ನಡೆಯುವ ತುಕಡಿ. ನಮ್ಮ ‘ಮುಂಚೂಣಿ’ಯೂ ದಂಡಿನಿಂದಲೇ ಬಂದದ್ದು, ಆದ್ದರಿಂದ ಅದನ್ನು ಬಿಡುವ ಮನಸ್ಸಿಲ್ಲ. ಆಕ್ಷೇಪವಿದ್ದರೆ ತಿಳಿಸಿ.

ಕೊನೆಗೆ, ನೇಕಾರಿಕೆ ಬಲ್ಲವರಿಗೆ: ಆನ್ರಿಯವರ ಮೇಜಿನ ಮೇಲಿನ ದಾರದ ರೀಲುಗಳನ್ನು ‘ಕಂಡಿಕೆ’ ಎನ್ನಬಹುದೇ? ನನಗೆ ತಿಳಿದಂತೆ ಕಂಡಿಕೆ ಲಾಳಿಯೊಳಗೆ ಕೂರುವಂಥದ್ದು, ಇವು ದರ್ಜಿಯ ಹೊಲಿಗೆ ಯಂತ್ರದ ಮೇಲೆ ಕೂರುವಂಥವು.