ಅಪ್‌ಡೇಟ್: ಗುರಾಲ್ನಿಕ್ ಅವರ ಹೊಸ ಪುಸ್ತಕ ಬರೋವರೆಗೆ ಏನು ಓದಲಿ?

ಅಮೆರಿಕದ ಸಂಗೀತ ಲೇಖಕ ಪೀಟರ್ ಗುರಾಲ್ನಿಕ್, ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿಯ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಬಗ್ಗೆ ಬರೆದ ಪುಸ್ತಕ 2025ರ ಆಗಸ್ಟ್‌ನಲ್ಲಿ ಬಂತು. ಅದು ಬರೋತನಕ ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಲ್ವಿಸ್ ಸಿನಿಮಾಗಳನ್ನು ಸಾಲಾಗಿ ನೋಡಿ ಅಂದಿದ್ದರು ಒಬ್ಬರು. ಆಗಲಿಲ್ಲ. ಎರಡನೆಯದಕ್ಕೇ ನಿದ್ದೆ ಬಂತು.

ಗೆದ್ದದ್ದು ಇನ್ನೊಂದು ಸಲಹೆ: ಗುರಾಲ್ನಿಕ್ ಅವರೇ ಬರೆದ ಎಲ್ವಿಸ್ ಜೀವನಚರಿತ್ರೆಯ ಎರಡು ಸಂಪುಟಗಳನ್ನು (1994, 1999) ಮತ್ತೆ ಓದಿ, ಜೊತೆಗೆ ಹಾಡುಗಳನ್ನು ರೆಕಾರ್ಡ್ ಆದ ಕ್ರಮದಲ್ಲೇ ಕೇಳಿ. 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್‌ನಿಂದ ಶುರು ಮಾಡಿದೆ. ಡ್ರಮ್ಸ್ ಇಲ್ಲ, ಎರಡು ಗಿಟಾರ್, ಒಂದು ಬೇಸ್, ಅಷ್ಟೇ! ಆ ಪುಟಗಳನ್ನು ಓದುತ್ತಾ ಕೇಳಿದರೆ ಅವರು ಬರೆದದ್ದು ಕಿವಿಗೇ ಸಿಗುತ್ತದೆ. ಎರಡನೇ ಸಂಪುಟ ಮಾತ್ರ ತುಂಬಾ ಭಾರ, ನಿಧಾನವಾಗಿ ಓದಿ.

ಆಶ್ಚರ್ಯ ಆಗಿದ್ದು ಪಾರ್ಕರ್ ವಿಷಯ. ಆತ ಸೈನ್ಯದ ಕರ್ನಲ್ ಅಲ್ಲವೇ ಅಲ್ಲ. 1948ರಲ್ಲಿ ಲೂಸಿಯಾನಾ ಗವರ್ನರ್ ಜಿಮ್ಮಿ ಡೇವಿಸ್ ಕೊಟ್ಟ ಗೌರವ ಬಿರುದು ಅದು. ಆ ಗವರ್ನರ್ ಕೂಡ ಹಾಡುಗಾರನೇ! ಪಾರ್ಕರ್ ಹುಟ್ಟಿದ್ದು ನೆದರ್ಲೆಂಡ್ಸ್‌ನ ಬ್ರೆಡಾದಲ್ಲಿ, 1909ರಲ್ಲಿ. ಅಮೆರಿಕದ ಪಾಸ್‌ಪೋರ್ಟ್ ಇರಲಿಲ್ಲ. ಎಲ್ವಿಸ್ ಅಮೆರಿಕದ ಹೊರಗೆ ಸಂಗೀತ ಕಛೇರಿ ಕೊಟ್ಟಿದ್ದು 1957ರಲ್ಲಿ ಕೆನಡಾದಲ್ಲಿ ಮಾತ್ರ, ಅದಕ್ಕೆ ಇದೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ಹೊಸ ಪುಸ್ತಕದಲ್ಲಿ ನಾನು ಮೊದಲು ಹುಡುಕೋದು ಇದನ್ನೇ.