ತಮ್ಮನಿಗೆ ಎಕ್ಮೋ ಹಾಕಿದ್ದಾರೆ, ಈಗ ಇನ್ನೊಂದು ಪಂಪ್ ಬೇಕಂತೆ. ಯಾಕೆ?

ಪ್ರಶ್ನೆ

ತಮ್ಮನಿಗೆ 26 ವರ್ಷ. ನಾಲ್ಕು ದಿನ ಜ್ವರ, ಮೈಕೈ ನೋವು. ಫ್ಲೂ ಇರಬೇಕು ಅಂತ ಸುಮ್ನೆ ಇದ್ದೆವು. ಐದನೇ ದಿನ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಟ್ಟ. ಹೃದಯದ ಸ್ನಾಯುವಿಗೇ ಉರಿಯೂತ ಬಂದಿದೆ, ಮಯೋಕಾರ್ಡೈಟಿಸ್ ಅಂದರು. ಅದೇ ರಾತ್ರಿ ಬಿಪಿ ಕುಸಿದು ಎಕ್ಮೋಗೆ, ಅಂದರೆ ಹೃದಯ, ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಮೆಷಿನ್‌ಗೆ ಹಾಕಿದರು.

ಇವತ್ತು ಮೂರನೇ ದಿನ. ಮಾನಿಟರಿನಲ್ಲಿ ಬಿಪಿಯ ಕೆಂಪು ಗೆರೆ ಮೊದಲು ಏರಿಳಿಯುತ್ತಿತ್ತು. ಈಗ ದಾರ ಎಳೆದ ಹಾಗೆ ನೇರ. ಆದರೂ ಪಕ್ಕದಲ್ಲಿ 65 ಅಂತ ತೋರಿಸುತ್ತಿದೆ! ಹೃದಯದ ಎಡಭಾಗ ಉಬ್ಬುತ್ತಿದೆ, ಇಂಪೆಲ್ಲಾ ಹಾಕಬೇಕು ಅಂತಿದ್ದಾರೆ ಡಾಕ್ಟರು. ಒಂದು ಮೆಷಿನ್ ಇರುವಾಗ ಇನ್ನೊಂದು ಯಾಕೆ? ಕೈಚೆಲ್ಲುವ ಮುಂಚಿನ ಕೊನೇ ಪ್ರಯತ್ನವಾ ಇದು? ಸಂಜೆಯೊಳಗೆ ಸಹಿ ಹಾಕಬೇಕು.

ಉತ್ತರ 1

ನಾನು ಪರ್ಫ್ಯೂಷನಿಸ್ಟ್. ಈ ಪಂಪುಗಳ ಪಕ್ಕ ಕೂರೋದೇ ನನ್ನ ಕೆಲಸ. ಕೈಚೆಲ್ಲುವವರು ಇದನ್ನು ಹಾಕಲ್ಲ, ಮೊದಲು ಅದನ್ನು ತಲೆಯಿಂದ ತೆಗೆಯಿರಿ.

ಎಕ್ಮೋ ತೊಡೆಯ ಸಿರೆಯಿಂದ ರಕ್ತ ಎಳೆದು, ಆಕ್ಸಿಜನ್ ತುಂಬಿ, ತೊಡೆಯ ಅಪಧಮನಿಗೆ ತಳ್ಳುತ್ತೆ. ನಿಮಿಷಕ್ಕೆ ಸುಮಾರು 3ರಿಂದ 5 ಲೀಟರ್. ಆ 65 ಪಂಪಿನದು. ಗೆರೆ ನೇರ ಇದೆ ಅಂದರೆ ಹೃದಯ ತಾನಾಗಿ ರಕ್ತ ಹೊರಗೆ ತಳ್ಳುತ್ತಿರೋದು ತೀರಾ ಕಡಿಮೆ.

ತೊಂದರೆ ಇರೋದು ಇಲ್ಲೇ. ಪಂಪಿನ ರಕ್ತ ಕೆಳಗಿನಿಂದ ಮೇಲಕ್ಕೆ, ಹೃದಯದಿಂದ ರಕ್ತ ಹೊರಬರುವ ಬಾಗಿಲಿಗೆ (ಕವಾಟಕ್ಕೆ) ಎದುರಾಗಿ ಬರುತ್ತೆ. ಹೊರಗಿನಿಂದ ಯಾರೋ ಬಾಗಿಲು ಒತ್ತಿ ಹಿಡಿದ ಹಾಗೆ. ಸೋತ ಹೃದಯಕ್ಕೆ ಅದನ್ನು ತೆರೆಯಲು ಆಗಲ್ಲ. ಎಕ್ಮೋ ಎಷ್ಟೇ ಎಳೆದರೂ ಸ್ವಲ್ಪ ರಕ್ತ ಶ್ವಾಸಕೋಶದ ಕಡೆಯಿಂದ ಎಡಭಾಗಕ್ಕೆ ಬರುತ್ತಲೇ ಇರುತ್ತೆ. ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತು ಉಬ್ಬಿಸುತ್ತೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ನಿಂತ ರಕ್ತ ಹೆಪ್ಪುಗಟ್ಟಬಹುದು.

ಇಂಪೆಲ್ಲಾ ಅಂದರೆ ತೆಳ್ಳಗಿನ ಕೊಳವೆ, ಅದರಲ್ಲೊಂದು ಪುಟಾಣಿ ಪಂಪ್. ಅದೇ ಬಾಗಿಲು ದಾಟಿ ಒಳಗೆ ಕೂತು, ನಿಂತ ರಕ್ತವನ್ನು ಎಳೆದು ಮಹಾಪಧಮನಿಗೆ ಬಿಡುತ್ತೆ. ಸ್ನಾಯುವಿಗೆ ವಿಶ್ರಾಂತಿ ಸಿಗುತ್ತೆ. ಈ ಕಾಯಿಲೆಯಲ್ಲಿ ಎಷ್ಟೋ ಹೃದಯಗಳು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಅಲ್ಲಿವರೆಗೆ ಕಾಯಬೇಕಲ್ವಾ, ಅದಕ್ಕೇ ಇದೆಲ್ಲ.

ಅಪಾಯ ಇಲ್ಲ ಅನ್ನಲ್ಲ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡುವುದರಿಂದ ರಕ್ತಸ್ರಾವ ಆಗಬಹುದು. ಪಂಪಿನಲ್ಲಿ ಕೆಂಪು ಕಣಗಳು ಒಡೆದರೆ ಮೂತ್ರ ಕಂದಾಗುತ್ತೆ. ಕೊಳವೆ ಹಾಕಿದ ಕಾಲಿಗೆ ರಕ್ತ ಕಡಿಮೆ ಆಗಬಹುದು. ನರ್ಸ್ ಗಂಟೆಗೊಮ್ಮೆ ಪಾದ ಮುಟ್ಟಿ ನೋಡೋದು ಅದಕ್ಕೇ.

ಉತ್ತರ 2

ಬಯಾಪ್ಸಿ, ಅಂದರೆ ಹೃದಯದ ಸ್ನಾಯುವಿನ ಚೂರು ತೆಗೆದು ಪರೀಕ್ಷೆ, ಮಾಡಿದ್ರಾ ಅಂತಲೂ ಕೇಳಿ. ಜೈಂಟ್ ಸೆಲ್ ಅನ್ನೋ ಬಗೆಯ ಮಯೋಕಾರ್ಡೈಟಿಸ್ ಆಗಿದ್ದರೆ ಪಂಪ್ ಒಂದೇ ಸಾಲದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಗ ಶುರುವಾಗಬೇಕು.

ಉತ್ತರ 3

ನಾನು ಎಕ್ಮೋದಲ್ಲಿ ಒಂಬತ್ತು ದಿನ ಇದ್ದವಳು. ನನಗೇನೂ ನೆನಪಿಲ್ಲ, ನೆನಪಿರೋದೆಲ್ಲ ಅಕ್ಕನಿಗೆ. ಮನೆಗೆ ಬಂದಮೇಲೆ ಆರು ತಿಂಗಳು ಓಡಬಾರದು ಅಂದಿದ್ದರು. ಬೇಜಾರಾದರೂ ಪಾಲಿಸಿದೆ. ನೀವು ಊಟ ಬಿಡಬೇಡಿ.

ಪ್ರಶ್ನೆ ಕೇಳಿದವರು

ಸಹಿ ಹಾಕಿದೆ. ಬಯಾಪ್ಸಿ ಕಳಿಸಿದ್ದಾರೆ, ಸ್ಟೀರಾಯ್ಡ್ ಶುರುವಾಗಿದೆ. ನಿನ್ನೆ ರಾತ್ರಿ ಮೂತ್ರ ಕಂದಾಗಿ ಹೆದರಿಬಿಟ್ಟೆ. ಎಕೋ (ಹೃದಯದ ಸ್ಕ್ಯಾನ್) ನೋಡಿಕೊಂಡು ಇಂಪೆಲ್ಲಾ ಕೊಳವೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಇವತ್ತು ಬಣ್ಣ ತಿಳಿಯಾಗಿದೆ. ಕೆಂಪು ಗೆರೆ ಇನ್ನೂ ನೇರವೇ. ಪಾದ ಬೆಚ್ಚಗಿದೆ, ನಾನೇ ಮುಟ್ಟಿ ನೋಡಿದೆ.